ಹತ್ತನೆಯ ಕರಿ ಡಬ್ಬ

ಹೊಸ ಡಬ್ಬ ಬಂದಾಗಲೆಲ್ಲ ಅವರು ಅದನ್ನು ಬಲಗಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಿದ್ದರು. ಟಿವಿಗೆ ಸಿಕ್ಕಿಸಿ ಮಕ್ಕಳು ಆಡುವ ವಿಡಿಯೋ ಗೇಮ್ ಯಂತ್ರದ ಡಬ್ಬ. ಅಲ್ಲಾಡಿಸಿದರೆ ಏನು ತಿಳಿಯುತ್ತದೆ ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಏನೂ ತಿಳಿಯಾಕಿಲ್ಲ ಕಣಮ್ಮ," ಎಂದು ನಕ್ಕರು. "ಮೂವತ್ತು ವರ್ಷ ಕಾಯಿ ಅಲ್ಲಾಡ್ಸಿದ ಕೈ. ಕಾಯಿ ಗಡಗಡ ಅಂದ್ರೆ ಒಳಗೆ ಕೊಬ್ಬರಿ ಆಗೈತೆ ಅಂತ. ಇದು ಗಡಗಡ ಅಂದ್ರೆ ವಾಪಸ್ ಕಳಿಸ್ಬೇಕು, ಅಷ್ಟೆ."

ತಿಪಟೂರಿನ ನಮ್ಮ ಮನೆಯ ಮುಂಭಾಗದ ಮಳಿಗೆಯಲ್ಲಿ ನಾಲ್ಕು ವರ್ಷ ಅಂಗಡಿ ಇಟ್ಟಿದ್ದವರು ಅವರು. ಹೋದ ಶ್ರಾವಣದಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಂಗಡಿಯ ಬೋರ್ಡಿನ ಮೇಲೂ ತಮ್ಮ ಹೆಸರು ಬರೆಸಿಕೊಂಡವರಲ್ಲ ಅವರು. ನಾನು ಅಣ್ಣಾವ್ರೇ ಎನ್ನುತ್ತಿದ್ದೆ, ಅವರು ನನ್ನನ್ನು ಅಮ್ಮ ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ದೊಡ್ಡವರು.

ಅದಕ್ಕೆ ಮುಂಚೆ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಮಂಡಿಯ ಯಜಮಾನರು ವ್ಯಾಪಾರ ನಿಲ್ಲಿಸಿದಾಗ ಕೈಗೆ ಬಂದ ಹಣದಲ್ಲಿ ಈ ಅಂಗಡಿ ತೆರೆದರು. ಐವತ್ತು ದಾಟಿದ ಮನುಷ್ಯ, ಹಣೆಯ ತುಂಬ ವಿಭೂತಿ, ಮಡಿಸಿ ಉಟ್ಟ ಪಂಚೆ. ಮಾರುವುದು ಮಕ್ಕಳ ಆಟದ ಯಂತ್ರ! ನಮ್ಮ ಮನೆಯವರು ಬಾಡಿಗೆಗೆ ಕೊಡಲು ಹಿಂದೆಮುಂದೆ ನೋಡಿದ್ದರು. "ಮೂರು ತಿಂಗಳು ನೋಡಿ ಸ್ವಾಮಿ, ಸರಿಹೋಗದಿದ್ರೆ ನಾನೇ ಬಾಗಿಲು ಹಾಕ್ಕೊಂಡು ಹೋಯ್ತೀನಿ," ಎಂದಿದ್ದರಂತೆ. ಪ್ರತಿದಿನ ತಮ್ಮ ಊರು ನೊಣವಿನಕೆರೆಯಿಂದ ಬೆಳಗಿನ ಬಸ್ಸಿಗೆ ಬಂದು, ಷಟರ್ ಎತ್ತುವ ಮೊದಲು ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ನಾನು ಪೂಜೆ ಮುಗಿಸಿ ಎದ್ದಾಗ ಆ ಷಟರಿನ ಸದ್ದು ಕೇಳಿದರೆ ಮನಸ್ಸಿಗೆ ಏನೋ ಸಮಾಧಾನ. ಹಾಲು ಒಡೆಯಲಿಲ್ಲ, ಮಗಳ ಫೋನು ಬಂತು, ಕೆಳಗಿನ ಷಟರ್ ಎದ್ದಿತು. ಇಂಥ ಸಣ್ಣಸಣ್ಣ ದಯೆಗಳನ್ನು ಶಿವನ ಮುಂದೆ ಎಣಿಸುವುದು ನನ್ನ ಅಭ್ಯಾಸ. ದೊಡ್ಡದನ್ನು ಕೇಳಲು ನನಗೆ ಸಂಕೋಚ.

ಅವರ ವ್ಯಾಪಾರ ನನಗೆ ಅರ್ಥವಾದದ್ದು ಸಂಜೆ ಮೆಟ್ಟಿಲ ಮೇಲೆ ಹುರುಳಿಕಾಯಿ ಬಿಡಿಸುತ್ತ ಕೂತಾಗ ಕಿವಿಗೆ ಬಿದ್ದ ಮಾತುಗಳಿಂದ. ಯಂತ್ರಗಳಲ್ಲಿ ಎರಡು ಜಾತಿ. ಕರಿ ಡಬ್ಬದ್ದು ಒಂದು ಕಂಪನಿ, ಬಿಳಿ ಡಬ್ಬದ್ದು ಇನ್ನೊಂದು. ಒಂದರ ಆಟ ಇನ್ನೊಂದರಲ್ಲಿ ನಡೆಯುವುದಿಲ್ಲ. ಇವರು ಕರಿ ಡಬ್ಬದವರು. ಬಸ್‌ಸ್ಟ್ಯಾಂಡಿನ ಹತ್ತಿರ ಗಾಜಿನ ಬಾಗಿಲಿನ ಷೋರೂಂ ಇಟ್ಟಿದ್ದ ಹುಡುಗ ಬಿಳಿ ಡಬ್ಬದವನು.

"ಡಬ್ಬದಾಗೆ ಏನಿಲ್ಲ ಕಣಮ್ಮ. ಮಾರಿದ್ರೆ ಉಳಿಯೋದು ನನ್ನ ಬಸ್‌ಚಾರ್ಜು. ಕಂಪನಿಯೋನಿಗೂ ಅಷ್ಟೆ, ಒಂದೊಂದ್ ಸಲ ಕೈಯಿಂದ ಹಾಕಿ ಮಾರ್ತಾನೆ. ಆಮ್ಯಾಕೆ ಐದಾರು ವರ್ಷ ಆಟದ ಸಿ.ಡಿ. ಮಾರ್ತಾನಲ್ಲ, ಅದರಾಗೆ ಐತೆ ದುಡಿಮೆ."

ಒಲೆಯನ್ನು ಅಗ್ಗಕ್ಕೆ ಕೊಟ್ಟು ಸಿಲಿಂಡರಿನಲ್ಲಿ ವಸೂಲು ಮಾಡಿದ ಹಾಗೆ ಎಂದೆ. "ಅದೇ ನೋಡಿ!" ಎಂದು ತೊಡೆ ತಟ್ಟಿಕೊಂಡರು. ಮಾರನೆಯ ದಿನ ಕಂಪನಿಯ ಏಜೆಂಟನಿಗೆ ಫೋನಿನಲ್ಲಿ ನನ್ನ ಮಾತನ್ನೇ ಹೇಳಿ, "ನಮ್ಮ ಮನೆ ಓನರಮ್ಮ ನಿಮಗಿಂತ ಚೆನ್ನಾಗಿ ತಿಳ್ಕೊಂಡವ್ರೆ," ಎನ್ನುವುದು ಕೇಳಿಸಿತು.

ಇನ್ನೊಂದು ಅವರೇ ಕಂಡುಕೊಂಡದ್ದು. ಒಂದು ಬೀದಿಗೆ ಯಾವ ಡಬ್ಬ ಮೊದಲು ಬರುತ್ತದೋ ಆ ಬೀದಿಯೆಲ್ಲ ಅದೇ ಆಗುತ್ತದೆ. ಮಕ್ಕಳು ಸಿ.ಡಿ. ಬದಲಾಯಿಸಿಕೊಳ್ಳಬೇಕು, ಒಟ್ಟಿಗೆ ಆಡಬೇಕು. ಒಬ್ಬನದು ಕರಿ, ಇನ್ನೊಬ್ಬನದು ಬಿಳಿಯಾದರೆ ಸ್ನೇಹವೇ ಇಲ್ಲ. ಅದಕ್ಕೇ ಅವರು ಊರಿನ ಲೆಕ್ಕವನ್ನು ಮನೆಯಿಂದಲ್ಲ, ಬೀದಿಯಿಂದ ಹಿಡಿಯುತ್ತಿದ್ದರು. ಅಂಗಡಿಯಲ್ಲಿ ಒಂದು ಕರಿ ಯಂತ್ರವನ್ನು ಬಿಚ್ಚಿ ಟಿವಿಗೆ ಹಾಕಿಟ್ಟಿದ್ದರು. ಯಾರು ಬೇಕಾದರೂ ಬೆಂಚಿನ ಮೇಲೆ ಕೂತು ಹತ್ತು ನಿಮಿಷ ಬಿಟ್ಟಿ ಆಡಬಹುದು. ಆ ಬೆಂಚೇ ಅಂಗಡಿಯ ಜೀವ. ಅಲ್ಲಿ ಆಡಿದವರು ಮನೆಗೆ ಹೋಗಿ ಹಟ ಮಾಡಬೇಕು, ಅಪ್ಪಂದಿರು ಬರಬೇಕು.

"ಬೆಲೆ ಅಂದ್ರೆ ಎದುರಂಗಡಿಯೋನ ಮೇಲೆ ನಮಗಿರೋ ಭಯ ಕಣಮ್ಮ, ಬೇರೆ ಏನಲ್ಲ," ಎನ್ನುತ್ತಿದ್ದರು. ಆ ಭಯ ನಿಜವಾಗಿ ಅವರ ಮುಖದ ಮೇಲೆ ಕಂಡದ್ದು ಹಿಂದಿನದಕ್ಕೂ ಹಿಂದಿನ ದೀಪಾವಳಿಯಲ್ಲಿ.

ಹಬ್ಬಕ್ಕೆ ಹತ್ತು ದಿನವಿದ್ದಾಗ ಬಿಳಿ ಡಬ್ಬದ ಬೆಲೆ ಒಂದೇ ಸಲ ಐದು ಸಾವಿರ ಇಳಿಯಿತು. ಷೋರೂಮಿನ ಹುಡುಗ ಆಟೋಗೆ ಮೈಕು ಕಟ್ಟಿ ಊರೆಲ್ಲ ಕೂಗಿಸಿದ. ಆ ಆಟೋ ನಮ್ಮ ಬೀದಿಗೇ ದಿನಕ್ಕೆ ಮೂರು ಸಲ ಬರುತ್ತಿತ್ತು, ಅಂಗಡಿಯ ಎದುರು ನಿಧಾನವಾಗುತ್ತಿತ್ತು. ಅವರು ತಲೆ ಎತ್ತುತ್ತಿರಲಿಲ್ಲ. ಬೆಂಚು ಖಾಲಿಯಾಗುತ್ತ ಬಂತು. ಕರಿ ಕಂಪನಿಯ ಏಜೆಂಟನನ್ನು ಕೇಳಿದರೆ, "ನಮ್ಮೋರೂ ಇಳಿಸ್ತಾರೆ, ಯುಗಾದಿ ಹೊತ್ತಿಗೆ ಗ್ಯಾರಂಟಿ," ಎಂದನಂತೆ. ಯುಗಾದಿಗೆ ಇನ್ನೂ ಐದು ತಿಂಗಳು. ಅಷ್ಟರಲ್ಲಿ ಎಷ್ಟು ಬೀದಿ ಕೈತಪ್ಪುತ್ತದೋ!

ಆಗ ಅವರು ಮಾಡಿದ್ದನ್ನು ಕೊಬ್ಬರಿ ವ್ಯಾಪಾರದಲ್ಲಿ ಬೆಳೆದವರು ಬಿಟ್ಟು ಬೇರೆ ಯಾರೂ ಮಾಡಲಾರರು. ನಮ್ಮ ಕಡೆ ಕಾಯಿ ಅಟ್ಟದ ಮೇಲೆ ಒಣಗುತ್ತಿರುವಾಗಲೇ ವ್ಯಾಪಾರಿ ಬಂದು ಬೆಲೆ ಮಾತಾಡಿ, ಎಲೆ ಅಡಿಕೆಯ ಮೇಲೆ ಒಂದಿಷ್ಟು ದುಡ್ಡಿಟ್ಟು ಕೊಟ್ಟುಹೋಗುತ್ತಾನೆ. ಅದು ಸಂಚಕಾರ. ಕಾಯಿ ಒಡೆದು ಕೊಬ್ಬರಿ ತೆಗೆಯುವ ಹೊತ್ತಿಗೆ ಪೇಟೆಯ ಧಾರಣೆ ಏರಲಿ, ಬೀಳಲಿ, ಆಡಿದ ಬೆಲೆ ಆಡಿದ್ದೇ. ಚೀಟಿಯಿಲ್ಲ, ರುಜುವಿಲ್ಲ, ಮನೆಯವರೊಬ್ಬರು ಸಾಕ್ಷಿ ಇದ್ದರಾಯಿತು. ಅದನ್ನೇ ಅವರು ಡಬ್ಬಕ್ಕೂ ತಂದರು. ಯುಗಾದಿಗೆ ಕರಿ ಡಬ್ಬವನ್ನು ಇವತ್ತಿಗಿಂತ ಐದು ಸಾವಿರ ಕಡಿಮೆಗೆ ಕೊಡುತ್ತೇನೆ, ಅಲ್ಲಿಯವರೆಗೆ ಬಿಳಿ ಡಬ್ಬದ ಕಡೆ ಹೋಗಬೇಡಿ, ಇದು ಮಾತು. ಬಂದವರು ಎಲೆ ಅಡಿಕೆ, ಹನ್ನೊಂದು ರೂಪಾಯಿ ಕೊಡಬೇಕು.

ಸಾಕ್ಷಿ ನಾನು. "ಅಮ್ಮಾ, ಒಂದ್ ಗಳಿಗೆ ಬತ್ತೀರಾ?" ಎಂದು ಒಳಗೆ ಕೂಗುತ್ತಿದ್ದರು. ನಾನು ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರು ಚಪ್ಪಲಿ ಬಿಟ್ಟು, ಹಣದ ಪೆಟ್ಟಿಗೆಯಿಟ್ಟ ಗಲ್ಲಾದಿಂದ ಇಳಿದು, ಬರಿಗಾಲಲ್ಲಿ ನಿಂತು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು. ಒಂಬತ್ತು ಮನೆಯವರು ಕೊಟ್ಟರು, ಒಂಬತ್ತು ಬೇರೆ ಬೇರೆ ಬೀದಿಯವರು. ಒಬ್ಬೊಬ್ಬರ ಮುಖವೂ ನನಗೆ ಇವತ್ತಿಗೂ ನೆನಪಿದೆ. ಅದರಲ್ಲಿ ನನ್ನ ನಾದಿನಿ ಇರಲಿಲ್ಲ.

ನಾದಿನಿ ಎಂದರೆ ನಮ್ಮ ಮನೆಯವರ ಒಬ್ಬಳೇ ತಂಗಿ. ಇದೇ ಊರಿನಲ್ಲಿ, ಕೋಟೆ ಕಡೆಯ ಬೀದಿಯಲ್ಲಿ ಮನೆ. ತೋಟದ ಭಾಗದ ವಿಷಯಕ್ಕೆ ಅಣ್ಣ ತಂಗಿ ಮೂರು ವರ್ಷ ಮಾತು ಬಿಟ್ಟಿದ್ದರು. ಆ ಸಂಕ್ರಾಂತಿಗೆ ಅವಳೇ ಎಳ್ಳು ಬೀರಲು ಬಂದಳು. ನಮ್ಮ ಮನೆಯವರು ಹಜಾರದಲ್ಲಿ ಕೂತು ಅವಳ ಮಗನ ತಲೆ ಸವರಿದರು. ಶಿವಾ, ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡೆ. ಆ ಖುಷಿಯಲ್ಲಿ ಅಡುಗೆಮನೆಯಲ್ಲಿ ಅವಳೊಂದಿಗೆ ಬಾಯಿ ತುಂಬ ಮಾತಾಡಿದೆ. ಅಂಗಡಿಯವರ ಸಂಚಕಾರದ ಕಥೆ, ಎಲ್ಲೂ ಬರೆದಿಟ್ಟಿಲ್ಲ ಎನ್ನುವುದು, ನಾನೇ ಸಾಕ್ಷಿ ಎನ್ನುವುದು, ಎಲ್ಲವನ್ನೂ ಹೇಳಿದೆ.

ಯುಗಾದಿಗೆ ಮೂರು ವಾರವಿತ್ತು. ಒಂದು ಮಧ್ಯಾಹ್ನ ಅವರು ಫೋನು ಕಿವಿಗಿಟ್ಟುಕೊಂಡು ಅಂಗಡಿಯ ಮಧ್ಯೆ ನಿಂತೇ ಇದ್ದರು. ಫೋನು ಇಟ್ಟ ಮೇಲೂ ಕೈ ಕಿವಿಯ ಹತ್ತಿರವೇ ಇತ್ತು. ಕರಿ ಕಂಪನಿ ಬೆಲೆ ಇಳಿಸಲಿಲ್ಲ. ಮೂರು ಸಾವಿರ ಏರಿಸಿತ್ತು.

"ಡಾಲರ್ ಅಂತೆ, ಅದ್ಯಾವುದೋ ಚಿಪ್ ಅಂತೆ," ಎಂದರು. ಅಂದರೆ ಒಂದೊಂದು ಡಬ್ಬಕ್ಕೂ ಎಂಟು ಸಾವಿರ ಇವರ ಕೈಯಿಂದ ಹೋಗಬೇಕು.

"ಹನ್ನೊಂದು ರೂಪಾಯಿ ವಾಪಸ್ ಕೊಟ್ಟುಬಿಡಿ ಅಣ್ಣಾವ್ರೇ. ಕಂಪನಿ ಏರಿಸಿದರೆ ನೀವೇನು ಮಾಡಕ್ಕಾಗುತ್ತೆ?" ಎಂದೆ.

ನನ್ನನ್ನು ನೋಡಿದರು. ಸಿಟ್ಟಲ್ಲ, ನಾನು ಏನೋ ತಿಳಿಯದ ಭಾಷೆಯಲ್ಲಿ ಮಾತಾಡಿದ ಹಾಗೆ. "ಕಂಪನಿ ಎಲೆ ಅಡಿಕೆ ತಗಂಡಿಲ್ವಲ್ಲಮ್ಮ. ನಾನು ತಗಂಡಿರೋದು."

ವಾರ ಕಳೆಯುವುದರೊಳಗೆ ಬಿಳಿ ಡಬ್ಬದ ಕಂಪನಿಯೂ ಏರಿಸಿತು. "ಒಬ್ಬ ಏರಿಸಿದ ಮ್ಯಾಲೆ ಇನ್ನೊಬ್ಬನಿಗೆ ಧೈರ್ಯ ಬತ್ತದೆ," ಎಂದರು ಇವರು. ಈಗ ಊರಿನಲ್ಲೆಲ್ಲ ಅಗ್ಗದ ಬೆಲೆ ಎಂದರೆ ಇವರ ಬಾಯಿಂದ ಬಂದ ಆ ಮಾತೊಂದೇ. ಅಂಗಡಿಗೆ ಹೊಸ ಮುಖಗಳು ಬರತೊಡಗಿದವು. ಸುಮ್ಮನೆ ನಿಂತು, ಒಳಗೆ ಇಣುಕಿ, "ಕೊಡ್ತೀರಂತಲ್ಲ, ಹೌದಾ?" ಎಂದು ಕೇಳಿ ಹೋಗುವರು.

ನಾಲ್ಕು ದಿನ ಷಟರ್ ಎತ್ತಲಿಲ್ಲ. ಐದನೆಯ ದಿನ ಬಂದಾಗ ಅವರ ಬಟ್ಟೆಯಿಂದ ಹೊಗೆಯ, ಸಿಪ್ಪೆಯ ವಾಸನೆ. ಬೆರಳುಗಳು ತರಚಿದ್ದವು. ಊರಲ್ಲಿ ತಮ್ಮ ಮನೆಯ ಅಟ್ಟದಲ್ಲಿ ಒಣಗಲು ಹಾಕಿದ್ದ ಕಾಯಿಯನ್ನು ಒಂಬತ್ತನೆಯ ತಿಂಗಳಿಗೇ ಇಳಿಸಿ ಒಡೆಸಿದ್ದರು. ಪೂರ್ತಿ ಒಣಗದ ಕೊಬ್ಬರಿಗೆ ಪೇಟೆಯಲ್ಲಿ ಎಂಥ ಬೆಲೆ ಸಿಗುತ್ತದೆ ಎನ್ನುವುದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಇನ್ನು ಮೂರು ತಿಂಗಳು ಕಾದಿದ್ದರೆ ಅದು ಬೇರೆಯೇ ಮಾಲು. ಆ ದುಡ್ಡಿನಲ್ಲಿ ಒಂಬತ್ತು ಡಬ್ಬ ತರಿಸಿದರು. ಹತ್ತನೆಯದಕ್ಕೆ ಒಂದು ರೂಪಾಯಿಯೂ ಉಳಿದಿರಲಿಲ್ಲ.

ಯುಗಾದಿಯ ಹಿಂದಿನ ಶನಿವಾರ ಕೊಡುವ ದಿನ. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಾಗಿಲಲ್ಲಿ ನಿಲ್ಲಲು ಹೇಳಿದ್ದರು. ಡಬ್ಬ ಕೊಟ್ಟ ಕೂಡಲೆ ನಾನು ಅವರವರಿಗೆ ಎಲೆ ಅಡಿಕೆ ಹಿಂದಿರುಗಿಸಬೇಕು, ಅಲ್ಲಿಗೆ ಮಾತು ತೀರಿದಂತೆ. ನಾನು ಎಲೆ ಒರೆಸುತ್ತಿದ್ದಾಗ ಹಿತ್ತಲ ಬಾಗಿಲಿಂದ ನಾದಿನಿ ಬಂದಳು.

"ಅತ್ತಿಗೆ, ನಾನೂ ಸಂಚಕಾರ ಕೊಟ್ಟಿದ್ದೆ ಅಂತೀನಿ. ನೀವು ಹೂಂ ಅಂದ್ರೆ ಸಾಕು."

"ಏನೇ ನೀನು! ಅಂಗಡಿ ಕಡೆ ತಲೆ ಹಾಕಿದವಳಲ್ಲ."

"ಅವರು ಕೊಡೋ ಲೆಕ್ಕದಲ್ಲಿ ಒಂದು ಹೆಚ್ಚು, ಅಷ್ಟೆ. ಈ ಮನೇಲಿ ನನಗೆ ಯಾವತ್ತು ಏನು ಸಿಕ್ಕಿದೆ ಹೇಳಿ? ಈಗ ಇದಕ್ಕೂ ಇಲ್ಲ ಅಂದ್ರೆ ಮತ್ತೆ ಈ ಹೊಸ್ತಿಲು ತುಳಿಯಲ್ಲ, ನೋಡಿ."

ಹಜಾರದಲ್ಲಿ ನಮ್ಮ ಮನೆಯವರು ಅವಳ ಮಗನಿಗೆ ಬೆಲ್ಲ ಕೊಡುತ್ತ ಏನೋ ಹೇಳಿ ನಗುತ್ತಿದ್ದರು. ಮೂರು ವರ್ಷದ ಮೇಲೆ ಕೇಳಿದ ನಗು. ತಟ್ಟೆ ಹಿಡಿದು ಮುಂದಕ್ಕೆ ಹೋದೆ.

ಅಂಗಡಿಯ ಮುಂದೆ ಮೂವತ್ತು ನಲವತ್ತು ಜನ. ಕೊಟ್ಟವರಿಗಿಂತ ನೋಡಲು ಬಂದವರೇ ಹೆಚ್ಚು. ಷೋರೂಮಿನ ಹುಡುಗನೂ ಬೈಕಿನ ಮೇಲೆ ಕೂತು ದೂರದಿಂದ ನೋಡುತ್ತಿದ್ದ. ಒಬ್ಬೊಬ್ಬರಾಗಿ ಎಂಟು ಮನೆಯವರು ಹಳೆಯ ಮಾತಿನ ಬೆಲೆ ಕೊಟ್ಟು ಡಬ್ಬ ತೆಗೆದುಕೊಂಡರು. ಆಗ ಗುಂಪಿನಿಂದ ಒಬ್ಬ ಮುಂದೆ ಬಂದ.

"ನಂದೂ ಐತೆ. ದೀಪಾವಳಿ ಪಾಡ್ಯದ ದಿನ ಕೊಟ್ಟಿದ್ದೆ."

"ಎಲ್ಲಿ ಕೊಟ್ಟೆ ಅಪ್ಪಾ?"

"ಇಲ್ಲೇ. ನೀವು ಗಲ್ಲಾದ ಮ್ಯಾಲೆ ಕೂತಿದ್ರಿ. ಕೈ ಚಾಚಿ ಈಸ್ಕೊಂಡ್ರಿ."

"ಕೂತ್ಕಂಡು ಸಂಚಕಾರ ಈಸ್ಕೊಂಡ್ನಾ?" ಎಂದು ಅವರು ನಿಧಾನವಾಗಿ ಕೇಳಿದರು. "ಬರಿಗಾಲಲ್ಲಿ ಕೆಳಗೆ ನಿಂತು ಈಸ್ಕೊಳ್ಳೋದು ನನ್ನ ಹೆಂಡ್ತಿಗೂ ಗೊತ್ತು, ಇಲ್ಲಿರೋ ಒಂಬತ್ತು ಜನಕ್ಕೂ ಗೊತ್ತು. ನಿನಗೆ ಗೊತ್ತಿಲ್ಲ. ಹೋಗ್ಲಾ, ಬಿಸಿಲಾಗೆ ನಿಂತಿದ್ದೀಯ, ಮಜ್ಜಿಗೆ ಕುಡಿದು ಹೋಗು."

ಜನ ಗೊಳ್ಳೆಂದರು. ಅವನು ಬಾಯಿಗೆ ಬಂದದ್ದು ಅನ್ನುತ್ತ ಹೋದ. ಒಂಬತ್ತನೆಯ ಡಬ್ಬವೂ ಹೋಯಿತು. ಸದ್ಯ, ಮುಗಿಯಿತು ಎಂದು ನಾನು ತಟ್ಟೆ ಇಳಿಸಿದೆ. ನಾದಿನಿ ಮಗನ ಕೈ ಹಿಡಿದು ಮುಂದೆ ಬಂದಳು.

"ನಮ್ಮದೊಂದಿದೆ. ನೀವು ಬರಿಗಾಲಲ್ಲೇ ನಿಂತಿದ್ರಿ. ಅತ್ತಿಗೆ ಸಾಕ್ಷಿ."

ಎಲ್ಲರ ಕಣ್ಣು ನನ್ನ ಮೇಲೆ. "ಅಮ್ಮನ್ನೇ ಕೇಳಿ," ಎಂದು ಯಾರೋ ಕೂಗಿದರು. ನನ್ನ ಹಿಂದೆ ನಮ್ಮ ಮನೆಯವರು ಬಂದು ನಿಂತದ್ದು ಅವರ ಉಸಿರಿನಿಂದ ಗೊತ್ತಾಯಿತು. ಇಲ್ಲ ಎನ್ನುವುದು ಒಂದು ಮಾತು. ನಾಲಿಗೆ ಏಳಲಿಲ್ಲ. ಹೂಂ ಎನ್ನಲೂ ಆಗಲಿಲ್ಲ. ಶಿವಾ, ಶಿವಾ ಎನ್ನುತ್ತ ತಟ್ಟೆಯಲ್ಲಿದ್ದ ಎಲೆಯ ತೊಟ್ಟನ್ನು ನೋಡುತ್ತ ನಿಂತೆ.

ಅಂಗಡಿಯವರು ನನ್ನನ್ನು ನೋಡಿದರು. ನನ್ನ ಹಿಂದೆ ನಿಂತವರನ್ನು ನೋಡಿದರು. ಆ ಹುಡುಗನನ್ನು ನೋಡಿದರು.

"ಅಮ್ಮನ್ನ ಕೇಳೋದು ಬ್ಯಾಡ," ಎಂದರು. "ಅವತ್ತು ಅವರು ದೇವಸ್ಥಾನಕ್ಕೆ ಹೋಗಿದ್ರು. ಸಾಕ್ಷಿ ಇಲ್ದಂಗೇ ನಾನು ಈಸ್ಕೊಂಡೆ. ತಪ್ಪು ನಂದು. ಇವರದೂ ಐತೆ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಸಾಕ್ಷಿಯಿಲ್ಲದೆ ಅವರು ಸಂಚಕಾರ ಮುಟ್ಟುವುದಿಲ್ಲ ಎನ್ನುವುದು ಆ ಒಂಬತ್ತು ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು. ಅಂಗಡಿಯವರು ಯಾರ ಕಡೆಗೂ ನೋಡದೆ ಒಳಗೆ ಹೋಗಿ ಟಿವಿಯಿಂದ ವೈರು ಕಿತ್ತರು. ಬೆಂಚಿನ ಎದುರಿಗಿದ್ದ ಯಂತ್ರವನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಅದರ ಹಳೆಯ ಡಬ್ಬ ಹುಡುಕಿ, ಅದರಲ್ಲಿಟ್ಟು ತಂದರು. "ಒಸಿ ಆಡಿರೋದು ತಾಯಿ. ಇನ್ನೊಂದು ಸಾವಿರ ಕಡಿಮೆ ಕೊಡಿ." ನಾದಿನಿ ಎಣಿಸಿ ಕೊಟ್ಟಳು. ನನ್ನ ಕಡೆ ತಿರುಗಿ ಕೈ ಚಾಚಿದಳು. ನಾನು ತಟ್ಟೆಯಿಂದ ಎಲೆ ಅಡಿಕೆ ತೆಗೆದು ಅವಳ ಕೈಗಿಟ್ಟೆ. ಮೌನವಾಗಿ ನಿಂತದ್ದಕ್ಕೆ ಒಂದು ನೆಪ ಹೇಳಿಕೊಳ್ಳಬಹುದು. ಎಲೆ ಕೊಟ್ಟದ್ದು ಈ ಕೈ.

ಆ ಯಂತ್ರ ಹೋದ ಮೇಲೆ ಬೆಂಚಿಗೆ ಯಾರೂ ಬರಲಿಲ್ಲ. ಷೋರೂಮಿನ ಹುಡುಗ ಗಾಜಿನ ಬಾಗಿಲ ಹಿಂದೆ ಎರಡು ಬಿಳಿ ಯಂತ್ರ ಬಿಚ್ಚಿಟ್ಟು, ಬಿಟ್ಟಿ ಆಡಿ ಎಂದು ಬೋರ್ಡು ಹಾಕಿದ. ಇವರ ಒಂಬತ್ತು ಬೀದಿಯ ಮಕ್ಕಳು ಸಿ.ಡಿ.ಗೆ ಇವರ ಹತ್ತಿರವೇ ಬರುತ್ತಾರೆಂದು ನಂಬಿದ್ದೆವು. ಕೆಲವರು ಬಂದರು ಕೂಡ. ಆದರೆ ಹೊಸ ಸಿ.ಡಿ. ತರಿಸಲು ಇವರ ಕೈಯಲ್ಲಿ ಏನಿತ್ತು? ಒಮ್ಮೆ ನಾನು ಮೆಟ್ಟಿಲ ಮೇಲಿಂದ, "ಅಣ್ಣಾವ್ರೇ, ಆ ಶನಿವಾರ..." ಎಂದು ಶುರುಮಾಡಿದೆ. "ಮೋಡ ಆಗೈತೆ, ಮ್ಯಾಲೆ ಹಪ್ಪಳ ಒಣಗಾಕಿದ್ರಲ್ಲಮ್ಮ," ಎಂದರು. ಓಡಿಹೋಗಿ ಹಪ್ಪಳ ತೆಗೆದೆ. ಮತ್ತೆ ಆ ಮಾತು ಎತ್ತಲಿಲ್ಲ. ದಸರೆಗೆ ಮುಂಚೆ ಬೀಗದ ಕೈ ತಂದುಕೊಟ್ಟು, ಹೊಸ್ತಿಲು ಮುಟ್ಟಿ ನಮಸ್ಕರಿಸಿ, ನೊಣವಿನಕೆರೆಯ ಬಸ್ಸು ಹತ್ತಿದರು.

ಮರುವರ್ಷ ಶ್ರಾವಣದಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಾನೊಬ್ಬಳೇ ಅವರ ಊರಿಗೆ ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಕೂತಿದ್ದರು. ನಾನು ಯಾರೆಂದು ಹೇಳಿದ ಕೂಡಲೆ ನನ್ನ ಕೈ ಹಿಡಿದುಕೊಂಡರು.

"ನಿಮ್ಮ ಮಾತು ಆಡೋರು. ಅಷ್ಟು ಜನ ಮುಂದೆ ನಿಂತು ಬಾಯಿ ಬುಡು ಅಂದ್ರೂ ಆ ಯಮ್ಮ ಸುಳ್ಳು ಹೇಳ್ಲಿಲ್ಲ ಕಣೇ, ಅನ್ನೋರು."

"ನಿಜಾನೂ ಹೇಳಲಿಲ್ಲ ಕಣಮ್ಮ," ಎಂದೆ.

ಅವರು ಕೈ ಬಿಡಲಿಲ್ಲ. ಆದರೆ ಹಿಡಿತ ಸಡಿಲವಾಯಿತು. "ಅದೂ ಗೊತ್ತಿತ್ತು. ಹೇಳಿದ್ರೆ ಅಣ್ಣ ತಂಗಿ ಮತ್ತೆ ಬ್ಯಾರೆ ಆಗೋರು ಅಂದ್ರು. ನಾನು ಜಗಳ ತೆಗೆದೆ. ಅವರ ಮನೆ ಒಂದಾಗ್ಲಿ ಅಂತ ನಮ್ಮ ಅಂಗಡಿ ಮುಚ್ಚಬೇಕಾ, ಇದ್ಯಾವ ನ್ಯಾಯ, ಅಂದೆ."

"ಅದಕ್ಕೇನಂದ್ರು?"

"ಉಂಡು ಮಲಗಿದ್ರು."

ತಿಪಟೂರಿಗೆ ಬಂದಿಳಿದವಳು ಮನೆಗೆ ಹೋಗಲಿಲ್ಲ. ನೇರ ನಾದಿನಿಯ ಮನೆಗೆ ಹೋದೆ. ಕಾಫಿ ತರಲು ಎದ್ದವಳನ್ನು ಕೂರಿಸಿದೆ.

"ಆ ದಿನ ನೀನು ಸಂಚಕಾರ ಕೊಟ್ಟಿರಲಿಲ್ಲ," ಎಂದೆ.

"ಅಂಗಡಿಯೋರೇ ಹೂಂ ಅಂದಿದ್ರಲ್ಲ ಅತ್ತಿಗೆ. ಸತ್ತ ಮೇಲೆ ಯಾಕೆ ಈಗ?"

"ನನ್ನ ಬದಲು ಅವರು ಅಂದ್ರು. ಆಡಿದ್ದು ಅಂತ ಬಿಟ್ಟ ಸಾವಿರ ಇರಲಿ, ಆ ಮಾತಿನ ಬೆಲೆಯಲ್ಲಿ ನಿನಗೆ ಉಳಿದ ಎಂಟು ಸಾವಿರ ಅವರ ಮನೆಯವರಿಗೆ ಮುಟ್ಟಿಸು. ನೀನೇ ಹೋಗಿ ಮುಟ್ಟಿಸು. ಅಣ್ಣನಿಗೂ ನೀನೇ ಹೇಳು."

"ನನ್ನ ಕಳ್ಳಿ ಮಾಡೋಕೆ ಬಂದ್ರಾ?" ಎಂದಳು. ಮಗ ಪಕ್ಕದ ಕೋಣೆಯಿಂದ ಇಣುಕಿ ನೋಡಿದ. ಅವಳು ಎದ್ದು ಬಾಗಿಲು ಪೂರ್ತಿ ತೆರೆದು ಹಿಡಿದು ನಿಂತಳು. ನಾನು ಚಪ್ಪಲಿ ಮೆಟ್ಟಿಕೊಂಡೆ.

ಗೌರಿ ಹಬ್ಬದ ಬೆಳಿಗ್ಗೆ ಅವಳಿಗೆ ಕಳಿಸಿದ ಬಾಗಿನ ಮುಚ್ಚಿದ ಮೊರದ ಸಮೇತ ವಾಪಸ್ ಬಂತು. ನಮ್ಮ ಮನೆಯವರು ಅದನ್ನು ಜಗಲಿಯ ಮೇಲೆ ನೋಡಿ ಅಲ್ಲೇ ನಿಂತರು.

"ಯಾಕೆ? ಏನಾಯ್ತು ಅವಳಿಗೆ?" ಎಂದರು.

"ಒಳಗೆ ಬಂದು ಕೂತುಕೊಳ್ಳಿ," ಎಂದು ಹೇಳಿ, ನಾನೂ ಎದುರಿಗೆ ಕೂತು, ಸಂಕ್ರಾಂತಿಯ ದಿನ ಅಡುಗೆಮನೆಯಲ್ಲಿ ನಾನು ಆಡಿದ ಮಾತಿನಿಂದ ಶುರುಮಾಡಿದೆ.